ಕೋರ್ಟ್‌ಹೌಸ್ ಸುಟ್ಟುಹೋದ ಕೌಂಟಿಯಲ್ಲಿ ವಂಶಾವಳಿಯನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕ. ಮಗಳು ಅಮೆರಿಕದಲ್ಲಿದ್ದಾಳೆ, ಅಳಿಯ ವರ್ಜೀನಿಯಾದವನು. ಅವನ ತಂದೆಯ ಕಡೆಯವರು ಅಲ್ಲಿನ ಬಕಿಂಗ್‌ಹ್ಯಾಮ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಹೊಗೆಸೊಪ್ಪಿನ ರೈತರು. ಮೊಮ್ಮಗಳು ಎರಡೂ ಕಡೆಯ ವಂಶವೃಕ್ಷ ಬರೆಯಲು ಕುಳಿತಿದ್ದಾಳೆ. ನಮ್ಮ ಕಡೆಯದನ್ನು ನಾನು ಹೇಳಿಕೊಟ್ಟೆ, ಏಕೆಂದರೆ ನಮ್ಮ ತಂದೆಯ ಕಾಲದವರೆಗೂ ಹೆಳವರು ಮನೆಗೆ ಬಂದು ವಂಶ ಹೇಳಿಹೋಗುತ್ತಿದ್ದರು. ಅಳಿಯನ ಕಡೆಯದು ಮಾತ್ರ 1850ರ ಜನಗಣತಿಯಲ್ಲಿ 74 ವರ್ಷದವನೆಂದು ದಾಖಲಾದ ಜಾನ್ ಎಂಬ ರೈತನ ಹತ್ತಿರ ನಿಂತುಬಿಟ್ಟಿದೆ. ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ಕೌಂಟಿಯ ದಾಖಲೆಗಳಿದ್ದ ಕೋರ್ಟ್‌ಹೌಸನ್ನು ಸುಟ್ಟಿತು, ಅದಕ್ಕೂ ಹಿಂದಿನದು ಏನೂ ಉಳಿದಿಲ್ಲ ಎಂದು ಅವರ ಮನೆಯ ಹಿರಿಯರು ಹೇಳುತ್ತಾರೆ. ಆದರೆ ಅಂತರ್ಜಾಲದಲ್ಲಿ ಸಿಕ್ಕ ಒಂದು ವಂಶವೃಕ್ಷ ಇದೇ ಜಾನ್‌ನಿಂದ ಹಿಂದಕ್ಕೆ ಹೋಗಿ ಇಂಗ್ಲೆಂಡಿನ ಜಮೀನ್ದಾರನೊಬ್ಬನನ್ನು ಮುಟ್ಟುತ್ತದೆ. ಒಂದು ಸಂಸ್ಥೆಯವರು ಇದನ್ನೇ ಕುಲಲಾಂಛನದ ಸಹಿತ ಪ್ರಮಾಣಪತ್ರ ಮಾಡಿಕೊಡುತ್ತೇವೆಂದು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಜಾನ್‌ನ ಅಜ್ಜಿ ಚೆರೋಕಿ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ರಾಜಕುಮಾರಿಯೆಂಬ ಮಾತೂ ಆ ಮನೆಯಲ್ಲಿದೆ. ಹಣ ಕೊಡಬೇಕೇ, ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ, ಅಥವಾ ಜಾನ್‌ನಲ್ಲಿಗೇ ನಿಲ್ಲಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಹೆಣೆದುಕೊಂಡಿವೆ. ದಾಖಲೆಗಳೇ ಇಲ್ಲ ಎಂಬುದು ಒಂದು, ಇಲ್ಲದ ದಾಖಲೆಗಳ ಜಾಗದಲ್ಲಿ ಯಾರೋ ಸಿದ್ಧಪಡಿಸಿಟ್ಟ ವಂಶವೃಕ್ಷವನ್ನು ನಂಬಬೇಕೇ ಎಂಬುದು ಇನ್ನೊಂದು. ಅಮೆರಿಕದ ದಕ್ಷಿಣ ರಾಜ್ಯಗಳ ಕೌಂಟಿ ಕಡತಗಳನ್ನು ಓದುವುದೇ ವೃತ್ತಿಯಾಗಿರುವ ನನ್ನ ಅನುಭವದಲ್ಲಿ ಮೊದಲನೆಯ ಆತಂಕಕ್ಕಿಂತ ಎರಡನೆಯದು ದೊಡ್ಡದು. ಬೆಂಕಿಯಿಂದ ಆದ ನಷ್ಟದ ಅಂಚು ಎಲ್ಲಿಯವರೆಗೆ ಎಂದು ಗುರುತಿಸಬಹುದು, ಕಟ್ಟುಕಥೆಯಿಂದ ಆದ ನಷ್ಟಕ್ಕೆ ಅಂಚೇ ಇರುವುದಿಲ್ಲ.

ಮೊದಲು ಬೆಂಕಿಯ ವಿಷಯ. ಬಕಿಂಗ್‌ಹ್ಯಾಮ್ ಕೋರ್ಟ್‌ಹೌಸ್ ಸುಟ್ಟಿದ್ದು ನಿಜ. ಥಾಮಸ್ ಜೆಫರ್ಸನ್ ನಕ್ಷೆ ಬರೆದುಕೊಟ್ಟು 1820ರ ದಶಕದಲ್ಲಿ ಕಟ್ಟಿಸಿದ ಆ ಕಟ್ಟಡ 1869ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರೊಳಗಿದ್ದ ಕ್ರಯಪತ್ರಗಳ ಪುಸ್ತಕಗಳು, ಉಯಿಲುಗಳ ಪುಸ್ತಕಗಳು ಮತ್ತು ನ್ಯಾಯಾಲಯದ ಆದೇಶಗಳ ಪುಸ್ತಕಗಳು ಬಹುಪಾಲು ನಾಶವಾದವು. ಆದರೆ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದ ಅಪೊಮ್ಯಾಟಕ್ಸ್ ಕೋರ್ಟ್‌ಹೌಸ್ ಎಂಬ ಹಳ್ಳಿ ನೆರೆಯ ಕೌಂಟಿಯಲ್ಲೇ ಇದೆ, ಎರಡೂ ಕಡೆಯ ಸೈನ್ಯಗಳು ಆ ದಿನಗಳಲ್ಲಿ ಬಕಿಂಗ್‌ಹ್ಯಾಮ್ ಮೂಲಕ ಹಾದುಹೋದವು. ಹಾಗಾಗಿ ಮೂರು ತಲೆಮಾರು ಕಳೆಯುವಷ್ಟರಲ್ಲಿ ಈ ಎರಡು ನೆನಪುಗಳು ಒಂದಾಗಿ, ಬೆಂಕಿಯ ಹೊಣೆ ಸೈನ್ಯದ ತಲೆಗೆ ಬಂದಿರುವುದರಲ್ಲಿ ಆಶ್ಚರ್ಯವಿಲ್ಲ. ದಕ್ಷಿಣದ ಯಾವ ಕೌಂಟಿಗೆ ಹೋದರೂ ಈ ಕಥೆ ಕೇಳುತ್ತದೆ. ಯುದ್ಧದ ನೆನಪಾದರೂ ಏಕಪಕ್ಷೀಯ. ಸುರಕ್ಷಿತವಾಗಿರಲೆಂದು ವರ್ಜೀನಿಯಾದ ಹಲವು ಕೌಂಟಿಗಳು ತಮ್ಮ ಪುಸ್ತಕಗಳನ್ನು ರಾಜಧಾನಿ ರಿಚ್ಮಂಡ್‌ಗೆ ಕಳುಹಿಸಿದ್ದವು. 1865ರ ಏಪ್ರಿಲ್ ಆರಂಭದಲ್ಲಿ ನಗರವನ್ನು ಬಿಟ್ಟು ಹೊರಟ ದಕ್ಷಿಣದ ಸೈನ್ಯವೇ ಉಗ್ರಾಣಗಳಿಗೆ ಇಟ್ಟ ಬೆಂಕಿ ಹಬ್ಬಿ ಅವು ಬೂದಿಯಾದವು.

ಕಾಲ ಮುಖ್ಯವಾಗುವುದು ಯಾರ ಮೇಲೆ ತಪ್ಪು ಹೊರಿಸಬೇಕೆಂಬುದಕ್ಕಲ್ಲ. 1869ರವರೆಗೆ ಪುಸ್ತಕಗಳು ಇದ್ದವು ಎಂದರೆ ಅಲ್ಲಿಯವರೆಗೆ ಜನ ಅವುಗಳಿಂದ ನಕಲು ತೆಗೆಸಿಕೊಂಡಿದ್ದಾರೆ, ಅವುಗಳನ್ನು ಬೇರೆ ಊರಿನ ನ್ಯಾಯಾಲಯಗಳಿಗೆ ಸಾಕ್ಷ್ಯವಾಗಿ ಸಲ್ಲಿಸಿದ್ದಾರೆ, ಪಿಂಚಣಿಯ ಅರ್ಜಿಗಳಿಗೆ ಲಗತ್ತಿಸಿದ್ದಾರೆ ಎಂದರ್ಥ. ಕೌಂಟಿ ಕ್ಲರ್ಕ್‌ನ ಬಳಿ ಉಳಿಯುತ್ತಿದ್ದದ್ದು ಕ್ರಯಪತ್ರದ ನಕಲು ಮಾತ್ರ. ಮೂಲಪತ್ರ ಮಾಲೀಕನ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಬೆಂಕಿಯ ನಂತರ ಕೆಲವರು ಅಂಥ ಪತ್ರಗಳನ್ನು ತಂದು ಮತ್ತೆ ನೋಂದಾಯಿಸಿಕೊಂಡದ್ದರಿಂದ, ಇಂಥ ಕೌಂಟಿಗಳಲ್ಲಿ ಬೆಂಕಿಯ ನಂತರದ ಪುಸ್ತಕಗಳಲ್ಲೇ ಹಳೆಯ ಪತ್ರಗಳು ಸಿಗುವುದುಂಟು. ಸೂಚಿಯಲ್ಲಿ ವರ್ಷ ನೋಡಿ ಪುಸ್ತಕ ಮುಚ್ಚಿಡುವವರಿಗೆ ಇವು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಬೆಂಕಿಗೆ ಸಿಗದೆ ಉಳಿದದ್ದು. ವರ್ಜೀನಿಯಾ 1782ರಲ್ಲಿ ಭೂಕಂದಾಯದ ಪದ್ಧತಿಯನ್ನು ಹೊಸದಾಗಿ ಜಾರಿಗೆ ತಂದಾಗ, ತೆರಿಗೆ ಅಧಿಕಾರಿ ಪ್ರತಿ ವರ್ಷದ ಪಟ್ಟಿಯನ್ನು ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿ ಬರೆದು, ಒಂದನ್ನು ಕೌಂಟಿಯಲ್ಲಿಟ್ಟು ಇನ್ನೊಂದನ್ನು ರಿಚ್ಮಂಡ್‌ನ ಲೆಕ್ಕಪರಿಶೋಧಕರ ಕಚೇರಿಗೆ ಕಳುಹಿಸಬೇಕೆಂಬ ನಿಯಮವಿತ್ತು. ಜಮೀನಿಗೆ ಒಂದು ಪಟ್ಟಿ. ಆಳು, ಕುದುರೆ, ದನಕರುಗಳಂಥ ಚರಸ್ವತ್ತಿಗೆ ಇನ್ನೊಂದು ಪಟ್ಟಿ. ಕೌಂಟಿಯ ಪ್ರತಿ ಸುಟ್ಟರೂ ರಿಚ್ಮಂಡ್‌ನ ಪ್ರತಿ ಉಳಿಯಿತು. ಈಗ ಇವು ವರ್ಜೀನಿಯಾದ ರಾಜ್ಯ ಗ್ರಂಥಾಲಯದಲ್ಲಿವೆ. ಜಾನ್‌ನ ಕುಟುಂಬಕ್ಕೆ ಇವೇ ಬೆನ್ನೆಲುಬು. ಈ ಕಾಲಕ್ಕೆ ಜನಗಣತಿಯನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ 1790 ಮತ್ತು 1800ರ ವರ್ಜೀನಿಯಾ ಜನಗಣತಿಯ ಪಟ್ಟಿಗಳು ಬಹುತೇಕ ಕಳೆದುಹೋಗಿವೆ. 1810ರಿಂದ 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ, ಉಳಿದವರು ವಯಸ್ಸಿನ ಕಾಲಂಗಳಲ್ಲಿ ಬರಿಯ ಸಂಖ್ಯೆಗಳು.

ತೆರಿಗೆ ಪಟ್ಟಿ ನೋಡಲು ನೀರಸ: ಹೆಸರು, ಎಕರೆ, ಮೌಲ್ಯ, ತೆರಿಗೆ, ಅಷ್ಟೇ. ಒಂದೇ ಒಂದು ವರ್ಷದ ಪಟ್ಟಿಯನ್ನು ನೋಡಿದವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ, ಇಪ್ಪತ್ತು ಮೂವತ್ತು ವರ್ಷಗಳ ಪಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಒಂದೇ ಉಪನಾಮದವರನ್ನೆಲ್ಲ ಹಿಂಬಾಲಿಸಿದವರಿಗೆ ಒಂದು ಕುಟುಂಬವೇ ಎದ್ದು ಬರುತ್ತದೆ. ನಿಮ್ಮ ಜಾನ್‌ನನ್ನೇ ತೆಗೆದುಕೊಳ್ಳೋಣ. 1850ರಲ್ಲಿ 74 ಎಂದರೆ ಅವನು ಹುಟ್ಟಿದ್ದು ಸುಮಾರು 1776ರಲ್ಲಿ, ಗಣತಿಯವರಿಗೆ ಹೇಳಿದ ವಯಸ್ಸು ಎರಡು ಮೂರು ವರ್ಷ ಆಚೀಚೆ ಇರುವುದು ಸಾಮಾನ್ಯ. ಚರಸ್ವತ್ತಿನ ಪಟ್ಟಿಯಲ್ಲಿ ಹದಿನಾರು ದಾಟಿದ ಗಂಡುಮಕ್ಕಳು ತಂದೆಯ ಅಥವಾ ಕೆಲಸ ಕೊಟ್ಟವನ ಹೆಸರಿನಡಿ ಎಣಿಕೆಗೆ ಬರುತ್ತಾರೆ, ಇಪ್ಪತ್ತೊಂದಾದ ಮೇಲೆ ಸಾಮಾನ್ಯವಾಗಿ ತಮ್ಮದೇ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಆದ್ದರಿಂದ 1792ರ ಆಸುಪಾಸಿನಲ್ಲಿ ಅದೇ ಉಪನಾಮದ ಯಾವ ಮನೆಯಲ್ಲಿ ಹದಿನಾರು ದಾಟಿದವರ ಸಂಖ್ಯೆ ಒಂದು ಹೆಚ್ಚಾಯಿತು, 1797ರ ಆಸುಪಾಸಿನಲ್ಲಿ ಯಾವ ಮನೆಯಲ್ಲಿ ಒಂದು ಕಡಿಮೆಯಾಗಿ ಅದೇ ವರ್ಷ ಜಾನ್ ಎಂಬ ಹೊಸ ಹೆಸರು ಬಂತು ಎಂಬುದನ್ನು ನೋಡಬೇಕು. ಕೆಲವು ಪಟ್ಟಿಗಳಲ್ಲಿ ಅಧಿಕಾರಿ ಯಾವ ದಿನ ಯಾರ ಲೆಕ್ಕ ಬರೆದುಕೊಂಡ ಎಂಬ ತಾರೀಖೂ ಇರುತ್ತದೆ. ಒಂದೇ ದಿನದವರು ಹೆಚ್ಚಾಗಿ ನೆರೆಹೊರೆಯವರು. 1808ರಲ್ಲಿ ಚರಸ್ವತ್ತಿನ ಪಟ್ಟಿಯೇ ಇಲ್ಲ. ಆ ವರ್ಷ ಜಾನ್ ಕಾಣದಿದ್ದರೆ ಅವನು ಊರು ಬಿಟ್ಟನೆಂದು ತಿಳಿಯಬೇಡಿ.

ಭೂಕಂದಾಯದ ಪಟ್ಟಿ ಇದಕ್ಕೆ ಜೊತೆಗೂಡಬೇಕು. ಒಂದು ವರ್ಷದವರೆಗೆ 300 ಎಕರೆ ಒಬ್ಬನ ಹೆಸರಿನಲ್ಲಿದ್ದು, ಮುಂದೆ ಕೆಲವು ವರ್ಷ ‘ಮೃತನ ಆಸ್ತಿ’ ಎಂದು ದಾಖಲಾಗಿ, ಆಮೇಲೆ ಅದೇ ಉಪನಾಮದ ಐವರ ಹೆಸರಿನಲ್ಲಿ ಅರುವತ್ತರವತ್ತು ಎಕರೆಯಾಗಿ ಒಡೆದರೆ, ಉಯಿಲು ಸುಟ್ಟುಹೋಗಿದ್ದರೂ ಪಾಲುಪಟ್ಟಿ ನಿಮ್ಮ ಕೈಯಲ್ಲಿದ್ದಂತೆಯೇ. ಆ ಐದು ಪಾಲುಗಳಲ್ಲಿ ಒಂದು ಬೇರೆ ಉಪನಾಮದವನಿಗೆ ಹೋಗಿದ್ದರೆ ಅವನು ಅಳಿಯನಿರಬಹುದು. ಮಗಳ ಹೆಸರು ಎಲ್ಲಿಯೂ ಬರದಿದ್ದ ಕಾಲದಲ್ಲಿ ಅವಳು ಇದ್ದಳೆಂಬುದಕ್ಕೆ ಇಷ್ಟೇ ಕುರುಹು ಉಳಿಯುವುದುಂಟು. 1814ರಿಂದ ಈ ಪಟ್ಟಿಗಳಿಗೆ ಜಮೀನು ಯಾವ ಹಳ್ಳ ಅಥವಾ ಹೊಳೆಯ ಬಳಿ, ಕೋರ್ಟ್‌ಹೌಸಿನಿಂದ ಯಾವ ದಿಕ್ಕಿಗೆ ಎಷ್ಟು ಮೈಲಿ ಎಂಬ ಕಾಲಂ ಸೇರಿತು, 1820ರಿಂದ ಕಟ್ಟಡಗಳ ಮೌಲ್ಯವೂ ಸೇರಿತು. ಸ್ಲೇಟ್ ನದಿಯ ದಂಡೆಯ ಜಾನ್ ಮತ್ತು ವಿಲ್ಲಿಸ್ ನದಿಯ ದಂಡೆಯ ಜಾನ್ ಒಬ್ಬನೇ ಅಲ್ಲ ಎಂದು ಬಿಡಿಸಿ ಹೇಳುವುದು ಈ ಕಾಲಂ. ಹೀಗೆ ಬಿಡಿಸುವ ಕೆಲಸ ಅನಿವಾರ್ಯ, ಏಕೆಂದರೆ ಆ ಕಾಲದ ಒಂದು ಕೌಂಟಿಯಲ್ಲಿ ಒಂದೇ ಉಪನಾಮದ ಇಬ್ಬರು ಮೂವರು ಜಾನ್‌ಗಳು ಇರುವುದು ವಿಶೇಷವೇನಲ್ಲ. ಹೆಸರಿನ ಮುಂದೆ ಸೀನಿಯರ್, ಜೂನಿಯರ್ ಎಂದಿದ್ದರೆ ಅವರು ತಂದೆ ಮಗನೇ ಆಗಿರಬೇಕೆಂದಿಲ್ಲ. ಊರಿನಲ್ಲಿ ಒಂದೇ ಹೆಸರಿನ ಹಿರಿಯ ಮತ್ತು ಕಿರಿಯರನ್ನು ಗುರುತಿಸಲು, ಅವರು ದೊಡ್ಡಪ್ಪ ಮತ್ತು ತಮ್ಮನ ಮಗನಾಗಿದ್ದರೂ ಯಾವ ಸಂಬಂಧವೂ ಇಲ್ಲದವರಾಗಿದ್ದರೂ, ಅಧಿಕಾರಿ ಹಾಗೆ ಬರೆಯುತ್ತಿದ್ದ. ಹಿರಿಯ ತೀರಿಕೊಂಡ ಮೇಲೆ ಕಿರಿಯನೇ ಸೀನಿಯರ್ ಆಗುತ್ತಾನೆ. ಅಂತರ್ಜಾಲದ ವೃಕ್ಷಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಅತಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದವು.

ಕೌಂಟಿಯ ಗಡಿಯೂ ಒಂದೇ ಕಡೆ ನಿಂತದ್ದಲ್ಲ. 1728ರಲ್ಲಿ ಹೆನ್ರೈಕೊ ಕೌಂಟಿಯಿಂದ ಗೂಚ್‌ಲ್ಯಾಂಡ್, 1744ರಲ್ಲಿ ಗೂಚ್‌ಲ್ಯಾಂಡ್‌ನಿಂದ ಆಲ್ಬೆಮಾರ್ಲ್, 1761ರಲ್ಲಿ ಆಲ್ಬೆಮಾರ್ಲ್‌ನಿಂದ ಬಕಿಂಗ್‌ಹ್ಯಾಮ್ ಹೀಗೆ ಒಡೆದು ಬಂದವು. ಜಾನ್‌ನ ತಂದೆ ತಾತಂದಿರು ಒಂದೇ ಹೊಲದಲ್ಲಿ ಕದಲದೆ ಇದ್ದಿದ್ದರೂ ಅವರ ಹಳೆಯ ಕಾಗದಪತ್ರಗಳು ಆಲ್ಬೆಮಾರ್ಲ್ ಅಥವಾ ಗೂಚ್‌ಲ್ಯಾಂಡ್‌ನ ಪುಸ್ತಕಗಳಲ್ಲಿರುತ್ತವೆ, ಅಲ್ಲಿನ ಕ್ರಯಪತ್ರಗಳ ಪುಸ್ತಕಗಳು ಉಳಿದಿವೆ. ಸರ್ಕಾರದಿಂದ ಮೊದಲ ಬಾರಿಗೆ ಮಂಜೂರಾದ ಜಮೀನಿನ ಪತ್ರಗಳು ಕೌಂಟಿಯಲ್ಲಿರಲಿಲ್ಲ, ರಾಜಧಾನಿಯ ಭೂಕಚೇರಿಯಲ್ಲಿದ್ದವು, ಅವೂ ಉಳಿದಿವೆ. 1762ರಿಂದ 1858ರವರೆಗಿನ ಬಕಿಂಗ್‌ಹ್ಯಾಮ್‌ನ ಸರ್ವೆ ನಕ್ಷೆಗಳ ಪುಸ್ತಕವೊಂದು ಬೆಂಕಿಯಿಂದ ಪಾರಾಯಿತು. ಅದರಲ್ಲಿ ಅಕ್ಕಪಕ್ಕದ ಜಮೀನಿನವರ ಹೆಸರುಗಳೂ ಇರುವುದರಿಂದ ಜಾನ್‌ನ ಹೆಂಡತಿಯ ತವರು ಯಾವುದೆಂದು ಊಹಿಸಲು ಅದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಸಾರೋಟಿನ ಕಾಲದಲ್ಲಿ ಹೆಣ್ಣು ತರುತ್ತಿದ್ದುದು ನಾಲ್ಕಾರು ಮೈಲಿಯೊಳಗಿನ ಮನೆಗಳಿಂದಲೇ. ಇನ್ನೊಂದು ಎಚ್ಚರಿಕೆ. ಕೌಂಟಿಯ ನೈಋತ್ಯ ಭಾಗ 1845ರಲ್ಲಿ ಹೊಸದಾಗಿ ರಚನೆಯಾದ ಅಪೊಮ್ಯಾಟಕ್ಸ್ ಕೌಂಟಿಗೆ ಸೇರಿತು, ಅದರ ಕೋರ್ಟ್‌ಹೌಸ್ 1892ರಲ್ಲಿ ಸುಟ್ಟಿತು. ಜಾನ್‌ನ ಮಕ್ಕಳು ಆ ಕಡೆಯವರಾಗಿದ್ದರೆ ಅವರಿಗೆ ಎರಡು ಬೆಂಕಿಗಳ ನಷ್ಟ.

ಕೌಂಟಿಯ ಹೊರಗೆ ಹುಡುಕುವುದು ಹೆಚ್ಚಿನವರು ಮಾಡದ ಕೆಲಸ, ನನಗಂತೂ ಬಹಳ ಸಲ ಉತ್ತರ ಸಿಕ್ಕಿರುವುದು ಅಲ್ಲಿಯೇ. ಹೊಗೆಸೊಪ್ಪು ಭೂಮಿಯ ಸಾರವನ್ನು ಬೇಗ ಹೀರುವ ಬೆಳೆ. ಸವೆದ ಹೊಲ ಬಿಟ್ಟು ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಿಂದಲೇ ಬಕಿಂಗ್‌ಹ್ಯಾಮ್‌ನಂಥ ಕೌಂಟಿಗಳ ಕಿರಿಯ ಮಕ್ಕಳು ಕೆಂಟಕಿ, ಟೆನೆಸಿ, ಜಾರ್ಜಿಯಾಗಳಿಗೆ ಹೊರಟರು. ತವರಿನ ಆಸ್ತಿಯ ಪಾಲು ಪಡೆಯಲು ಅವರು ಅಲ್ಲಿಂದಲೇ ಯಾರಿಗಾದರೂ ಅಧಿಕಾರಪತ್ರ ಬರೆದುಕೊಡಬೇಕಿತ್ತು, ಆ ಪತ್ರ ಹೊಸ ಊರಿನ ಕೋರ್ಟ್‌ಹೌಸಿನಲ್ಲಿ ನೋಂದಣಿಯಾಗುತ್ತಿತ್ತು. ‘ವರ್ಜೀನಿಯಾದ ಬಕಿಂಗ್‌ಹ್ಯಾಮ್ ಕೌಂಟಿಯಲ್ಲಿ ತೀರಿಕೊಂಡ ನಮ್ಮ ತಂದೆ’ ಎಂಬಂಥ ಒಂದು ಸಾಲು ಹೀಗೆ ಕೆಂಟಕಿಯಲ್ಲಿ ಸುರಕ್ಷಿತವಾಗಿ ಕುಳಿತಿರಬಹುದು. ಬ್ರಿಟಿಷರ ವಿರುದ್ಧ ನಡೆದ ಅಮೆರಿಕದ ಕ್ರಾಂತಿಯುದ್ಧದ ಸೈನಿಕರ ಪಿಂಚಣಿ ಅರ್ಜಿಗಳು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1832ರ ಕಾನೂನು ಆರು ತಿಂಗಳಾದರೂ ಸೇವೆ ಸಲ್ಲಿಸಿದ್ದವರಿಗೆ ಪಿಂಚಣಿಯ ದಾರಿ ತೆರೆದಾಗ, ಎಪ್ಪತ್ತು ಎಂಬತ್ತು ವರ್ಷದ ಮುದುಕರು ನ್ಯಾಯಾಧೀಶರ ಮುಂದೆ ನಿಂತು ತಾವು ಎಲ್ಲಿ ಯಾವಾಗ ಹುಟ್ಟಿದೆವು, ಎಲ್ಲೆಲ್ಲಿ ಬಾಳಿದೆವು ಎಂದು ಪ್ರಮಾಣ ಮಾಡಿ ಹೇಳಿದರು. ವಿಧವೆಯರು ಮದುವೆಯನ್ನು ರುಜುವಾತುಪಡಿಸಲು ಮನೆಯ ಬೈಬಲ್‌ನಿಂದ ಹುಟ್ಟು, ಸಾವು, ಮದುವೆ ಬರೆದಿಟ್ಟ ಹಾಳೆಯನ್ನೇ ಹರಿದು ಲಗತ್ತಿಸಿದರು. ಜಾನ್ ಆ ಯುದ್ಧಕ್ಕೆ ತೀರ ಚಿಕ್ಕವನು, ಅವನ ತಂದೆ, ಚಿಕ್ಕಪ್ಪ, ಸೋದರಮಾವ ಯಾರಾದರೂ ಅದರಲ್ಲಿದ್ದಿರಬಹುದು.

ಬೈಬಲ್ ಹಾಳೆಯನ್ನು ಓದುವಾಗ ಒಂದು ಕ್ರಮವಿದೆ: ಮುಖಪುಟದಲ್ಲಿ ಆ ಬೈಬಲ್ ಯಾವ ವರ್ಷ ಅಚ್ಚಾಯಿತೆಂದು ನೋಡಿ. 1840ರಲ್ಲಿ ಅಚ್ಚಾದ ಪುಸ್ತಕದಲ್ಲಿ 1776ರ ಜನನ ದಾಖಲಾಗಿದ್ದರೆ ಅದು ಕಂಡು ಬರೆದದ್ದಲ್ಲ, ಕೇಳಿ ಬರೆದದ್ದು.

ಇನ್ನೊಂದು ಆಕರದ ಬಗ್ಗೆ ಹೇಳದಿರಲು ನನಗೆ ಮನಸ್ಸಿಲ್ಲ. ಕ್ರಾಂತಿಗೆ ಮುಂಚೆ ವರ್ಜೀನಿಯಾದ ರೈತರು ಬ್ರಿಟಿಷ್ ವರ್ತಕರ ಅಂಗಡಿಗಳಲ್ಲಿ, ಅದರಲ್ಲೂ ಗ್ಲಾಸ್ಗೋದ ವರ್ತಕರಲ್ಲಿ, ಮುಂದಿನ ಹೊಗೆಸೊಪ್ಪಿನ ಮೇಲೆ ಸಾಲಕ್ಕೆ ಸಾಮಾನು ತರುತ್ತಿದ್ದರು. ಯುದ್ಧ ಬಂತು, ಸಾಲ ಹಾಗೆಯೇ ಉಳಿಯಿತು, ವರ್ತಕರು ಪರಿಹಾರಕ್ಕಾಗಿ ತಮ್ಮ ಸರ್ಕಾರದ ಮೊರೆಹೋದರು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಏಜೆಂಟರು ಊರೂರು ತಿರುಗಿ, ಸಾಲಗಾರ ಬದುಕಿದ್ದಾನೆಯೇ, ಸತ್ತಿದ್ದರೆ ಆಸ್ತಿ ಯಾರ ಕೈಯಲ್ಲಿದೆ, ಜಾರ್ಜಿಯಾಕ್ಕೆ ಓಡಿಹೋದನೇ ಎಂದು ವಿಚಾರಿಸಿ ಬರೆದುಕೊಂಡ ವರದಿಗಳು ಲಂಡನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ವರ್ಜೀನಿಯಾದ ಕೋರ್ಟ್‌ಹೌಸ್ ಸುಟ್ಟರೂ ಸಾಲದ ಲೆಕ್ಕ ಸಮುದ್ರದಾಚೆ ಭದ್ರವಾಗಿತ್ತು!

ಹೀಗೆ ಚದುರಿದ್ದನ್ನು ಒಟ್ಟುಮಾಡುವ ಕೆಲಸವನ್ನು ವರ್ಜೀನಿಯಾದ ರಾಜ್ಯ ಗ್ರಂಥಾಲಯ ತಾನೇ ಕೈಗೆತ್ತಿಕೊಂಡಿದೆ. ದಾಖಲೆ ಕಳೆದುಕೊಂಡ ಕೌಂಟಿಗಳ ಪತ್ರಗಳು ಬೇರೆ ಕೌಂಟಿಗಳ ಮೊಕದ್ದಮೆಗಳಲ್ಲಿ ಸಿಕ್ಕಾಗ ಅವುಗಳ ಚಿತ್ರ ತೆಗೆದು ಪ್ರತ್ಯೇಕ ಡಿಜಿಟಲ್ ಸಂಗ್ರಹವಾಗಿ ಇಟ್ಟಿದ್ದಾರೆ. ಆಸ್ತಿ ವ್ಯಾಜ್ಯಗಳನ್ನು ನಡೆಸುತ್ತಿದ್ದ ಚಾನ್ಸರಿ ನ್ಯಾಯಾಲಯಗಳ ಕಡತಗಳಿಗೂ ಹೆಸರಿನ ಸೂಚಿಯಿದೆ. ಅಣ್ಣತಮ್ಮಂದಿರ ಜಗಳದ ಒಂದು ಕಡತ ಸಿಕ್ಕರೆ ಮೂರು ತಲೆಮಾರಿನ ಹೆಸರುಗಳು ಒಟ್ಟಿಗೆ ಸಿಗುತ್ತವೆ. ವರ್ಜೀನಿಯಾ 1853ರಿಂದ 1896ರವರೆಗೆ ಹುಟ್ಟು ಸಾವುಗಳನ್ನು ದಾಖಲಿಸಿತು, ಮತ್ತೆ ಆರಂಭಿಸಿದ್ದು 1912ರಲ್ಲಿ. ಮೊದಲ ಅವಧಿಯ ಪಟ್ಟಿಗಳ ಒಂದು ಪ್ರತಿಯೂ ರಿಚ್ಮಂಡ್‌ಗೆ ಹೋಗುತ್ತಿತ್ತು. ಜಾನ್ 1853ರ ನಂತರ ತೀರಿಕೊಂಡಿದ್ದರೆ ಮರಣದ ದಾಖಲೆಯಲ್ಲಿ ತಂದೆತಾಯಿಯರ ಹೆಸರಿರುವ ಸಾಧ್ಯತೆಯಿದೆ. ನಿಮ್ಮ ಸ್ಥಾನದಲ್ಲಿ ನಾನಿದ್ದಿದ್ದರೆ ಮೊದಲ ಸಂಜೆ ನೋಡುತ್ತಿದ್ದದ್ದು ಇದನ್ನೇ.

ತೆರಿಗೆ ಪಟ್ಟಿಗಳನ್ನು ತೆರೆದಾಗ ನಿಮ್ಮ ಮೊಮ್ಮಗಳಿಗೆ ಕಾಣುವ ಇನ್ನೊಂದು ವಿಷಯವನ್ನು ಮುಂಚಿತವಾಗಿ ಹೇಳಿಡಬೇಕು. ಕುದುರೆಗಳ ಕಾಲಂನ ಪಕ್ಕದಲ್ಲೇ ಗುಲಾಮರ ಕಾಲಂ ಇರುತ್ತದೆ. ಅಂತರ್ಯುದ್ಧದ ಹೊಸ್ತಿಲಲ್ಲಿ, 1860ರಲ್ಲಿ, ಬಕಿಂಗ್‌ಹ್ಯಾಮ್‌ನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗುಲಾಮಗಿರಿಯಲ್ಲಿದ್ದರು. ಹೊಗೆಸೊಪ್ಪಿನ ರೈತರೆಂದರೆ ಆ ಹೊಲದಲ್ಲಿ ದುಡಿದವರು ಯಾರೆಂಬ ಪ್ರಶ್ನೆ ಬಂದೇ ಬರುತ್ತದೆ. 1850 ಮತ್ತು 1860ರ ಗಣತಿಗಳು ಅವರನ್ನು ಒಡೆಯನ ಹೆಸರಿನಡಿ ವಯಸ್ಸು, ಲಿಂಗ, ಬಣ್ಣಗಳಾಗಿ ಮಾತ್ರ ಬರೆದವು, 1870ರ ಗಣತಿಯಲ್ಲಷ್ಟೇ ಅವರೆಲ್ಲರ ಹೆಸರುಗಳು ಮೊದಲ ಬಾರಿಗೆ ಬಂದವು. ಕರಿಯರ ಇತಿಹಾಸದ ಅಧ್ಯಯನಕ್ಕೆ ಬುನಾದಿ ಹಾಕಿದ ಕಾರ್ಟರ್ ಜಿ. ವುಡ್ಸನ್ 1875ರಲ್ಲಿ ಹುಟ್ಟಿದ್ದು ಇದೇ ಕೌಂಟಿಯ ನ್ಯೂ ಕ್ಯಾಂಟನ್‌ನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಯರಿಗೆ. ಜಾನ್‌ನ ಕುಟುಂಬದ ಕಾಗದಗಳಲ್ಲಿ ಗುಲಾಮರ ಹೆಸರುಗಳು ಸಿಕ್ಕರೆ ಅವನ್ನು ದಯವಿಟ್ಟು ಬಿಟ್ಟುಬಿಡಬೇಡಿ, ಬರೆದಿಡಿ. 1870ಕ್ಕಿಂತ ಹಿಂದೆ ತಮ್ಮವರನ್ನು ಹುಡುಕುವವರಿಗೆ ಒಡೆಯರ ಕಾಗದಗಳ ಹೊರತು ಬೇರೆ ಆಕರಗಳು ತೀರ ಕಡಿಮೆ.

ಚೆರೋಕಿ ರಾಜಕುಮಾರಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಚೆರೋಕಿಗಳಲ್ಲಿ ರಾಜಕುಮಾರಿ ಎಂಬ ಪದವಿಯೇ ಇರಲಿಲ್ಲ, ಅವರ ನೆಲೆ ಇದ್ದದ್ದು ಇನ್ನಷ್ಟು ದಕ್ಷಿಣದ ಬೆಟ್ಟಸೀಮೆಯಲ್ಲಿ. ಬಕಿಂಗ್‌ಹ್ಯಾಮ್ ಇರುವ ಜೇಮ್ಸ್ ನದಿಯ ಮೇಲ್ಭಾಗ ಮೊನಾಕನ್ ಜನರ ನಾಡು, ನದಿಯಾಚೆಯ ಆಮ್‌ಹರ್ಸ್ಟ್ ಕೌಂಟಿಯಲ್ಲಿ ಅವರ ಸಮುದಾಯ ಇಂದಿಗೂ ಇದೆ. ಅವರಿಗೆ ಒಕ್ಕೂಟ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಮಾನ್ಯತೆ ಇಷ್ಟು ತಡವಾದುದಕ್ಕೆ ದಾಖಲೆಗಳೂ ಕಾರಣ. 1912ರಿಂದ 1946ರವರೆಗೆ ವರ್ಜೀನಿಯಾದ ಜನನ ಮರಣ ದಾಖಲೆಗಳ ಮುಖ್ಯಸ್ಥನಾಗಿದ್ದ ವಾಲ್ಟರ್ ಪ್ಲೆಕರ್, 1924ರ ಜನಾಂಗ ಶುದ್ಧಿಯ ಕಾನೂನನ್ನು ಹಿಡಿದುಕೊಂಡು, ಮೂಲನಿವಾಸಿಗಳೆಂದು ಬರೆಸಿಕೊಂಡವರನ್ನೂ ಕರಿಯರೆಂದು ದಾಖಲಿಸುವಂತೆ ಮಾಡಿದ. ಆದ್ದರಿಂದ ಆ ಕಾಲದ ಜನನಪತ್ರದಲ್ಲಿ ಜನಾಂಗದ ಕಾಲಂ ಏನು ಹೇಳುತ್ತದೆ ಎಂಬುದು ಅಂತಿಮ ಮಾತಲ್ಲ. ಅಳಿಯನ ಮನೆಯ ಕಥೆಯನ್ನು ಸುಳ್ಳೆಂದು ಹೊಡೆದುಹಾಕಬೇಕಾಗಿಲ್ಲ, ಕಥೆಯೆಂದೇ ಬರೆದು ಯಾರು ಹೇಳಿದರೆಂಬುದನ್ನೂ ಬರೆದಿಡಿ. ಕೆಲವು ಕುಟುಂಬಗಳಲ್ಲಿ ಇಂಥ ಕಥೆ ಹೇಳಲಾಗದ ಬೇರೊಂದು ಸಂಬಂಧವನ್ನು ಮುಚ್ಚಿಟ್ಟಿರುತ್ತದೆ.

ಈಗ ಹಣದ ವಿಷಯ. ಆ ಪ್ರಮಾಣಪತ್ರಕ್ಕೆ ಹಣ ಕೊಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ದೊರೆಯುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಒಂದು ಉಪನಾಮದವರಿಗೆಲ್ಲ ಸೇರಿದ ಲಾಂಛನ ಎಂಬುದೇ ಇಲ್ಲ. ಈ ವ್ಯಾಪಾರ ಹೊಸದೂ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲಿದ್ದ ಗುಸ್ತಾವ್ ಆಂಜು ಎಂಬಾತ ಅಮೆರಿಕದ ಸಿರಿವಂತರಿಗೆ ಯುರೋಪಿನ ಕುಲೀನ ಮನೆತನಗಳವರೆಗೆ ವಂಶಾವಳಿಗಳನ್ನು ಹೊಸೆದು ಮಾರಿದ. ನಿಜವಾದ ದಾಖಲೆಗಳ ನಡುವೆ ಒಂದೆರಡು ಸುಳ್ಳು ಕೊಂಡಿಗಳನ್ನು ಸೇರಿಸುವುದು ಅವನ ಕ್ರಮವಾಗಿತ್ತು. ಅವನ ವಂಶಾವಳಿಗಳ ತುಣುಕುಗಳು ಇಂದಿಗೂ ವೃಕ್ಷದಿಂದ ವೃಕ್ಷಕ್ಕೆ ನಕಲಾಗುತ್ತಿವೆ. ನೀವು ಕಂಡ ವೃಕ್ಷವನ್ನು ಪರೀಕ್ಷಿಸಲು ಎಲ್ಲ ತಲೆಮಾರುಗಳನ್ನೂ ನೋಡಬೇಕಾಗಿಲ್ಲ. ಜಾನ್ ಮತ್ತು ಅವನ ತಂದೆಯೆಂದು ಹೇಳಲಾದವನ ನಡುವಿನ ಕೊಂಡಿಗೆ ಯಾವ ದಾಖಲೆಯನ್ನು ಕೊಟ್ಟಿದ್ದಾರೆಂದು ನೋಡಿ. ಅಲ್ಲಿ ಇನ್ನೊಂದು ವೃಕ್ಷದ ಹೆಸರಷ್ಟೇ ಇದ್ದರೆ, ಅಥವಾ 1869ಕ್ಕಿಂತ ಹಿಂದಿನ ಬಕಿಂಗ್‌ಹ್ಯಾಮ್‌ನ ಉಯಿಲಿನ ಪುಸ್ತಕದ ಪುಟಸಂಖ್ಯೆಯನ್ನು ಎಲ್ಲಿ ನೋಡಿದ್ದೆಂದು ಹೇಳದೆ ಕೊಟ್ಟಿದ್ದರೆ, ಅದರಿಂದ ಮೇಲಿನದನ್ನು ಬದಿಗಿಡಬಹುದು. ನೂರು ವೃಕ್ಷಗಳು ಒಂದೇ ಮಾತು ಹೇಳುತ್ತಿವೆ ಎಂಬುದು ಸಾಕ್ಷಿಯಲ್ಲ, ಬಹಳ ಸಲ ಅದು ಒಬ್ಬರ ಊಹೆಯ ನೂರು ನಕಲು.

ಡಿಎನ್‌ಎ ಉಪಯುಕ್ತ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಅದು ತಾನಾಗಿ ಉತ್ತರಿಸುವುದಿಲ್ಲ. ಏಳು ತಲೆಮಾರು ಹಿಂದಿನ ಒಬ್ಬ ಪೂರ್ವಜನಿಂದ ಬರುವ ಪಾಲು ಸರಾಸರಿ 128ರಲ್ಲಿ ಒಂದು, ಕೆಲವರಿಂದ ಏನೂ ಬಂದಿರುವುದಿಲ್ಲ. ಸಾಮಾನ್ಯ ಪರೀಕ್ಷೆ ಮೂರನೆಯ ಹಂತದ ದಾಯಾದಿಗಳವರೆಗೆ (ಮುತ್ತಜ್ಜ ಅಥವಾ ಮುತ್ತಜ್ಜಿಯ ತಂದೆತಾಯಿ ಒಬ್ಬರೇ ಆಗಿರುವವರು) ಬಹುತೇಕ ಹಿಡಿಯುತ್ತದೆ, ನಾಲ್ಕನೆಯ ಹಂತಕ್ಕೆ ಬಂದರೆ ನಿಜವಾದ ದಾಯಾದಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಹೊಂದಾಣಿಕೆ ಕಾಣುತ್ತದೆ. ಅದಲ್ಲದೆ ಹಳೆಯ ಗ್ರಾಮೀಣ ಕೌಂಟಿಗಳಲ್ಲಿ ಅವವೇ ಕುಟುಂಬಗಳ ನಡುವೆ ತಲೆಮಾರುಗಟ್ಟಲೆ ಮದುವೆಗಳು ನಡೆದಿರುವುದರಿಂದ ದೂರದವರೂ ಹತ್ತಿರದವರಂತೆ ತೋರುತ್ತಾರೆ. ಅಳಿಯ ಅದೇ ಉಪನಾಮದ ನೇರ ಗಂಡುಸಂತತಿಯಾಗಿದ್ದರೆ, ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ಕ್ರೋಮೋಸೋಮಿನ ಪರೀಕ್ಷೆ ಹೆಚ್ಚು ಪ್ರಯೋಜನಕಾರಿ. ತೆರಿಗೆ ಪಟ್ಟಿಯಲ್ಲಿ ಕಂಡ ಎರಡು ಮನೆಗಳಲ್ಲಿ ಜಾನ್ ಯಾವುದಕ್ಕೆ ಸೇರಿದವನೆಂಬುದನ್ನು, ಆ ಮನೆಗಳ ಇಂದಿನ ವಂಶಸ್ಥರೂ ಪರೀಕ್ಷೆ ಮಾಡಿಸಿಕೊಂಡರೆ, ಅದು ಹೇಳಬಹುದು. ಇದರ ಅಪಾಯ ಕೇವಲ ಖಾಸಗಿ ಮಾಹಿತಿಯದಲ್ಲ. ಯಾರೂ ಕೇಳದೆ ಇದ್ದ ಪಿತೃತ್ವದ ಪ್ರಶ್ನೆಗಳಿಗೂ ಉತ್ತರ ಬಂದುಬಿಡುತ್ತದೆ, ಅದೂ ಬದುಕಿರುವವರ ಬಗ್ಗೆ. ಮೊಮ್ಮಗಳು ಅಪ್ರಾಪ್ತೆಯಾಗಿದ್ದರೆ ಅವಳ ಮಾದರಿಯನ್ನು ಕಳುಹಿಸಬೇಡಿ. ಅಳಿಯನ ಅಥವಾ ಅವನ ತಂದೆಯ ಮಾದರಿ ಒಂದೆರಡು ತಲೆಮಾರು ಹತ್ತಿರದ್ದಾದ್ದರಿಂದ ಹೆಚ್ಚು ಉಪಯುಕ್ತವೂ ಹೌದು, ನಿರ್ಧಾರ ಅವರದೂ ಹೌದು.

ವೃತ್ತಿಪರ ಸಂಶೋಧಕರನ್ನು ನೇಮಿಸಿಕೊಳ್ಳುವುದು ಮೂರನೆಯ ದಾರಿ. ಪರೀಕ್ಷಿಸಿ ಮಾನ್ಯತೆ ಕೊಡುವ ಮಂಡಳಿಯೊಂದು 1964ರಿಂದ ಅಮೆರಿಕದಲ್ಲಿ ಇದೆ, ಅದರ ಮಾನ್ಯತೆ ಪಡೆದವರನ್ನು ಆರಿಸಿಕೊಳ್ಳಬಹುದು. ಆದರೆ ಇಡೀ ವಂಶವೃಕ್ಷ ಮಾಡಿಕೊಡಿ ಎನ್ನಬೇಡಿ. ‘1792ರಿಂದ 1820ರವರೆಗಿನ ತೆರಿಗೆ ಪಟ್ಟಿಗಳಲ್ಲಿ ಈ ಉಪನಾಮದವರನ್ನೆಲ್ಲ ಬೇರ್ಪಡಿಸಿ ಜಾನ್ ಯಾವ ಮನೆಯವನೆಂದು ತಿಳಿಸಿ’ ಎಂಬಂಥ ಒಂದು ಪ್ರಶ್ನೆಯನ್ನು, ಇಷ್ಟು ಗಂಟೆಗಳೆಂಬ ಮಿತಿಯೊಂದಿಗೆ ಕೊಡಿ. ಏನೂ ಸಿಗದಿದ್ದರೂ ಸಂಬಳ ಕೊಡಬೇಕಾಗುತ್ತದೆ ಎಂಬುದು ಇದರ ನಷ್ಟ. ಫಲಿತಾಂಶಕ್ಕೆ ಮೊದಲೇ ಭರವಸೆ ಕೊಡುವವರಿಂದ ದೂರವಿರಿ.

ಆದರೂ ನನ್ನ ಸಲಹೆ, ಮೊದಲು ನೀವೇ ಕೂತು ನೋಡಿ. ಈ ಪಟ್ಟಿಗಳನ್ನು ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ಹಿಂದೆಯೇ ಮೈಕ್ರೋಫಿಲ್ಮ್ ಮಾಡಿದ್ದಾರೆ. ಅವರ ಫ್ಯಾಮಿಲಿಸರ್ಚ್ ತಾಣದಲ್ಲಿ ಅಪಾರ ಸಂಖ್ಯೆಯ ಕೌಂಟಿ ದಾಖಲೆಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಮನೆಯಲ್ಲಿ ತೆರೆಯದ ಕೆಲವು ಚಿತ್ರಗಳು ಅವರ ಕೇಂದ್ರಗಳಲ್ಲಿ ತೆರೆಯುತ್ತವೆ. ಹಳೆಯ ಕೈಬರಹ ಒಂದು ವಾರ ಕಾಡಿಸುತ್ತದೆ, ಆಮೇಲೆ ಕಣ್ಣು ಪಳಗುತ್ತದೆ. ಹಾಜರಿ ಪುಸ್ತಕಗಳನ್ನು ವರ್ಷಗಟ್ಟಲೆ ನೋಡಿದ ಶಿಕ್ಷಕರಿಗೆ ಇದು ಹೊಸ ವಿದ್ಯೆಯೇನಲ್ಲ. ಹತ್ತಿರದ ತಲೆಮಾರುಗಳ ಪ್ರಮಾಣಪತ್ರಗಳು ಬೇಕಾದರೆ ಅಳಿಯನೇ ಅರ್ಜಿ ಹಾಕಬೇಕಾಗುತ್ತದೆ. ವರ್ಜೀನಿಯಾದಲ್ಲಿ ಜನನದ ದಾಖಲೆ 100 ವರ್ಷಗಳವರೆಗೆ, ಮದುವೆ ಮತ್ತು ಮರಣದ ದಾಖಲೆಗಳು 25 ವರ್ಷಗಳವರೆಗೆ ಹತ್ತಿರದ ಸಂಬಂಧಿಕರಿಗೆ ಮಾತ್ರ ಸಿಗುತ್ತವೆ.

ಜಾನ್‌ನಲ್ಲಿಗೇ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಇಷ್ಟೆಲ್ಲ ನೋಡಿದ ಮೇಲೂ ಅವನ ತಂದೆ ಇಂಥವನೇ ಎಂದು ಹೇಳಲಾಗದಿರಬಹುದು, ಇಂಥ ಕೌಂಟಿಗಳಲ್ಲಿ ಅದು ಸಾಮಾನ್ಯ. ಆಗ ಮೊಮ್ಮಗಳು ಜಾನ್‌ನ ಮೇಲೆ ಚುಕ್ಕೆಗೆರೆ ಎಳೆದು, ಸಾಧ್ಯತೆಯಿರುವ ಎರಡು ಮನೆಗಳ ಯಜಮಾನರ ಹೆಸರುಗಳನ್ನು ಬರೆದು, ಯಾವ ವರ್ಷದ ಯಾವ ಪಟ್ಟಿಯಿಂದ ಹಾಗೆ ಅನ್ನಿಸಿತೆಂದು ಕೆಳಗೆ ನಮೂದಿಸಲಿ. ಮುಂದೆ ಕೆಂಟಕಿಯ ಯಾವುದೋ ಕಡತ ಹೊಸದಾಗಿ ಸೂಚಿಗೆ ಸೇರಿದಾಗ ಆ ಎರಡು ಹೆಸರುಗಳಲ್ಲಿ ಒಂದನ್ನು ಹೊಡೆದುಹಾಕಲು ಅವಳಿಗೆ ಅಷ್ಟು ಟಿಪ್ಪಣಿ ಸಾಕು.